ಐವತ್ತು ಲಕ್ಷಕ್ಕೆ ಒಂದು ರೂಪಾಯಿ ಕಮ್ಮಿ

ನವಿ ಮುಂಬಯಿಯ ಕೋಪರಖೈರಣೆಯಲ್ಲಿ ಫ್ಲ್ಯಾಟು ಕೊಂಡವನಿಗೆ ನೆಲ ಸಿಗುವುದಿಲ್ಲ. ನೆಲ ಸಿಡ್ಕೊದ್ದು. 1970ರಲ್ಲಿ ಹುಟ್ಟಿದ ಈ ಸರ್ಕಾರಿ ಸಂಸ್ಥೆ ನವಿ ಮುಂಬಯಿಯ ಪ್ಲಾಟುಗಳನ್ನು ಸಾಮಾನ್ಯವಾಗಿ 60 ವರ್ಷದ ಲೀಸಿಗೆ ಕೊಡುತ್ತದೆ. ಕೈ ಬದಲಾಗುವಾಗ ಅದರ ಎನ್‌ಒಸಿ ಬೇಕು, ವರ್ಗಾವಣೆ ಶುಲ್ಕವೂ ಬೇಕು. ಊರಿನ ಹತ್ತು ಸೆಂಟ್ಸ್ ಜಾಗಕ್ಕಾಗಿ ಅಣ್ಣನೊಡನೆ ಮಾತುಬಿಟ್ಟ ಕರಾವಳಿಯ ಹೂಡಿಕೆದಾರ ಇಲ್ಲಿ ಸಾಲ ಮಾಡಿ ಸಿಡ್ಕೊದ ಒಕ್ಕಲಾಗುತ್ತಾನೆ. ಗೃಹಪ್ರವೇಶದ ಕಾಗದದಲ್ಲಿ ಮಾತ್ರ 'ಸ್ವಂತ ಮನೆ'.

ಆಮೇಲಿನದು ತೆರಿಗೆ. 2013ರ ಜೂನ್ 1ರಿಂದ, ಐವತ್ತು ಲಕ್ಷ ಅಥವಾ ಅದಕ್ಕೂ ಮೇಲ್ಪಟ್ಟ ಮನೆ ಕೊಳ್ಳುವವನು ಮಾರುವವನ ಹಣದಲ್ಲಿ ಶೇ 1ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಜೀವಮಾನವಿಡೀ ತೆರಿಗೆ ಇಲಾಖೆಗೆ ಹೆದರಿದವನಿಗೆ ಸಂಬಳವಿಲ್ಲದ ತೆರಿಗೆ ಅಧಿಕಾರಿಯ ಹುದ್ದೆ! ಇದನ್ನು ತಪ್ಪಿಸಿಕೊಳ್ಳಲು ಆತ ಕಂಡುಕೊಂಡ ದಾರಿ ಒಂದು ರೂಪಾಯಿಯ ಚೌಕಾಸಿ.

ಚೌಕಾಸಿಯ ಸ್ಥಳ ಉಡುಪಿ ಹೋಟೆಲು. ಐವತ್ತು ಲಕ್ಷ ಕುದುರಿರುತ್ತದೆ. ಹೂಡಿಕೆದಾರ ಕೆಮ್ಮಿ, ಒಂದು ರೂಪಾಯಿ ಬಿಡಿ ಎನ್ನುತ್ತಾನೆ. ಮೂರು ಲಕ್ಷ ಬಿಟ್ಟಾಗ ಬೇಸರಿಸದ ಮಾರಾಟಗಾರನಿಗೆ ಈ ಒಂದು ರೂಪಾಯಿ ಎದೆಗೆ ನಾಟುತ್ತದೆ. ಶುಭಕಾರ್ಯಕ್ಕೆ ನೂರರ ಮೇಲೆ ಒಂದು ಸೇರಿಸಿ ಕೊಡುವುದು ವಾಡಿಕೆ, ಕಳೆಯುವುದು ಅಪಶಕುನ. ಆತ ಎದ್ದು ಹೋಗಿ ಮನೆಗೆ ಫೋನು ಮಾಡುತ್ತಾನೆ. ಏಜೆಂಟ್ ತನ್ನ ಶೇ 1ರ ದಲ್ಲಾಳಿಯಲ್ಲಿ ಒಂದು ಪೈಸೆ ಖೋತಾ ಆಗುವುದನ್ನು ಕ್ಯಾಲ್ಕ್ಯುಲೇಟರಿನಲ್ಲಿ ಕಂಡು ಮ್ಲಾನವದನನಾಗುತ್ತಾನೆ. ಎರಡನೇ ಸಲ ಚಹಾ ಬರುತ್ತದೆ. ಕೊನೆಗೆ 49,99,999ಕ್ಕೆ ಕೈಕುಲುಕಿ, ಗೆದ್ದ ಹುಮ್ಮಸ್ಸಿನಲ್ಲಿ ಹೂಡಿಕೆದಾರನೇ ಬಿಲ್ಲು ಕೊಡುತ್ತಾನೆ.

ಈ ಗೆಲುವು ಸರ್ಕಾರದ ದರಪಟ್ಟಿಯಾದ ರೆಡಿ ರೆಕ್ನರ್ ನೋಡುವವರೆಗೆ. 2022ರ ಏಪ್ರಿಲ್ 1ರಿಂದ ಒಪ್ಪಿದ ಬೆಲೆ, ಸರ್ಕಾರ ಕಟ್ಟಿದ ಬೆಲೆ ಎರಡೂ ಐವತ್ತು ಲಕ್ಷದೊಳಗಿದ್ದರೆ ಮಾತ್ರ ವಿನಾಯಿತಿ. ಇಲ್ಲವಾದರೆ ಎರಡರಲ್ಲಿ ಹೆಚ್ಚಿನದರ ಮೇಲೆ ಟಿಡಿಎಸ್. ರೆಕ್ನರು 53 ಲಕ್ಷ ಎಂದರೆ 53,000 ರೂಪಾಯಿ.

ಕೊಂಡ ಮನೆಯನ್ನು ಬಾಡಿಗೆಗೆ ಕೊಡುವಾಗ, ಹನ್ನೊಂದು ತಿಂಗಳ ಕರಾರಿಗೆ ನೋಂದಣಿ ಬೇಡವೆಂಬ ನಂಬಿಕೆ ಊರಿಂದ ಬಂದದ್ದು. ಮಹಾರಾಷ್ಟ್ರದ 1999ರ ಬಾಡಿಗೆ ಕಾಯಿದೆಯಲ್ಲಿ ಲೀವ್ ಆ್ಯಂಡ್ ಲೈಸೆನ್ಸ್ ಕರಾರು ಎಷ್ಟೇ ತಿಂಗಳದ್ದಿರಲಿ, ನೋಂದಾಯಿಸಲೇಬೇಕು. ಹೊಣೆ ಮನೆಯೊಡೆಯನದು. ನೋಂದಾಯಿಸಿದ ಲಿಖಿತ ಕರಾರಿಲ್ಲದಿದ್ದರೆ, ವಿರುದ್ಧ ಸಾಬೀತಾಗುವ ತನಕ ಬಾಡಿಗೆದಾರ ಹೇಳಿದ್ದೇ ಷರತ್ತು.

ಮಾರುವಾಗ ಎದುರಾಗುವುದು ಹನ್ನೆರಡೂವರೆ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ತೆರಿಗೆ ಶೇ 12.5, ಅದಕ್ಕೂ ಮೊದಲು ಕೊಂಡ ನಿವಾಸಿ ವ್ಯಕ್ತಿ ಹಣದುಬ್ಬರ ಕಳೆದು ಶೇ 20 ಲೆಕ್ಕ ಹಾಕಿ, ಯಾವುದು ಕಮ್ಮಿಯೋ ಅದನ್ನು ಕಟ್ಟಬಹುದು. ಕೋಪರಖೈರಣೆಯ ಏಜೆಂಟರ ಬಾಯಲ್ಲಿ 'ಸಾಡೇಬಾರಾ ಟಕ್ಕೆ' (ಶೇಕಡಾ ಹನ್ನೆರಡೂವರೆ) ಎಂದರೆ ಬೇರೆಯೇ: ರೈತನಿಗೆ ಮರಳಿದ ಪ್ಲಾಟಿನ ಅಗ್ಗದ ಫ್ಲ್ಯಾಟು. ಅವರು ಅದನ್ನು ರಿಯಾಯಿತಿಯ ಧಾಟಿಯಲ್ಲಿ ಹೇಳುವುದು ಕೇಳಲು ಹಿತವಲ್ಲ. ಹೊಸ ನಗರಕ್ಕಾಗಿ 95 ಹಳ್ಳಿಗಳ ಭೂಮಿ ಹೋಯಿತು. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ನೇತೃತ್ವದ ರೈತರ ಚಳವಳಿಯ ಮೇಲೆ ಉರಣದಲ್ಲಿ ಗುಂಡು ಹಾರಿ ಐವರು ಸತ್ತರು. ಕಳೆದುಕೊಂಡ ಜಮೀನಿನ ಶೇ 12.5ರಷ್ಟು ಅಭಿವೃದ್ಧಿಪಡಿಸಿದ ಪ್ಲಾಟು ರೈತನಿಗೆ ಮರಳುವ ಯೋಜನೆ ಬಂದದ್ದು ಆ ಹೋರಾಟದಿಂದ.

ಲಾಭದ ತೆರಿಗೆ ಉಳಿಸಲು, ಮಾರಿದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಳ್ಳಬಹುದು. ಈ ಗಡುವು ಹೂಡಿಕೆದಾರನಿಗಿಂತ ಮೊದಲು ಏಜೆಂಟನಿಗೆ ನೆನಪಾಗುತ್ತದೆ.