ಪಾದರಕ್ಷಾ ನಿರ್ಣಯ

ಜಪಾನಿಗೆ ಮೊದಲ ಸಲ ಹೊರಟವರಿಗೆ ಕೊಡುವ ಉಪದೇಶ ಸಾಮಾನ್ಯವಾಗಿ ಶೂಗಳಿಂದ ಶುರುವಾಗುತ್ತದೆ. ಬಾಗಿಲೊಳಗಿನ ತಗ್ಗು ಜಾಗ ಗೆಂಕಾನ್. ಅಲ್ಲಿ ಶೂ ಬಿಚ್ಚಿ, ಮೂತಿ ಬಾಗಿಲ ಕಡೆಗೆ ತಿರುಗಿಸಿ ಇಡಬೇಕು. ಒಳಗೆ ಓಡಾಡಲು ಮನೆಯವರದೇ ಚಪ್ಪಲಿ. ತತಾಮಿ ಚಾಪೆ ಬಂದರೆ ಅದೂ ಬೇಡ. ಶೌಚಾಲಯಕ್ಕೆ ಬೇರೆ ಜೊತೆ. ಜಪಾನಿನವರು ಇಷ್ಟನ್ನೂ ಬರೆದಿಟ್ಟಿದ್ದಾರೆ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಇದಕ್ಕಿಂತ ಸೂಕ್ಷ್ಮವಾದ ಶಾಸ್ತ್ರ ಚಾಲ್ತಿಯಲ್ಲಿದೆ. ಬೋರ್ಡು ಮಾತ್ರ ಇಲ್ಲ. ಆ ಕೊರತೆ ನೀಗಿಸಲು ಈ ಪ್ರಬಂಧ. ಇದಕ್ಕೆ ವಿಷಯ: ಚಪ್ಪಲಿ. ಅಧಿಕಾರಿ: ಈ ಸೀಮೆಗೆ ಹೊಸದಾಗಿ ಬಂದವನು. ಸಂಬಂಧ: ಕಾಲಿಗೂ ನೆಲಕ್ಕೂ ಇರುವಂಥದ್ದು. ಪ್ರಯೋಜನ: ಬೈಸಿಕೊಳ್ಳದೆ ಊರು ಸೇರುವುದು.

ಮೊದಲು ಪ್ರಮಾಣ ವಿಚಾರ. ಹಂಪಿ, ಆನೆಗೊಂದಿಯ ಸುತ್ತಲಿನ ನೆಲವೇ ಕಿಷ್ಕಿಂಧೆ ಎಂಬುದು ಇಲ್ಲಿನವರ ನಂಬಿಕೆ. ರಾಮ ತನ್ನ ಪಾದುಕೆಗಳನ್ನು ಚಿತ್ರಕೂಟದಲ್ಲೇ ಭರತನಿಗೆ ಕೊಟ್ಟಿದ್ದ. ಆದ್ದರಿಂದ ಆ ಯಾತ್ರಿಕ ಇಲ್ಲಿಗೆ ಬಂದದ್ದು ಬರಿಗಾಲಲ್ಲಿ ಎಂದು ಸಿದ್ಧವಾಯಿತು. ನಡುವೆ ಬೇರೆ ಜೋಡು ಮಾಡಿಸಿರಬಹುದಲ್ಲ ಎಂಬುದು ಪೂರ್ವಪಕ್ಷ. ದಂಡಕಾರಣ್ಯದಲ್ಲಿ ಅಂಗಡಿ ಇರಲಿಲ್ಲ ಎಂಬುದು ಸಮಾಧಾನ.

ಪುರಾಣ ಒಪ್ಪದವರಿಗೆ ಚರಿತ್ರೆಯಿದೆ. 1520ರ ಆಸುಪಾಸಿನಲ್ಲಿ ಕೃಷ್ಣದೇವರಾಯನ ಪಟ್ಟಣಕ್ಕೆ ಬಂದ ಪೋರ್ಚುಗೀಸರ ಡೊಮಿಂಗೊ ಪೇಸ್, ಆನೆ ಕುದುರೆ ಮಹಾನವಮಿಗಳ ಗದ್ದಲದಲ್ಲೂ ಜನರ ಕಾಲು ನೋಡಲು ಮರೆಯಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಬರಿಗಾಲಲ್ಲಿ ಓಡಾಡುತ್ತಾರೆ ಎಂದ. ಮೆಟ್ಟುವವರ ಜೋಡಿನಲ್ಲಿ ಎರಡು ಬಗೆ ಗುರುತಿಸಿದ: ಚೂಪು ಮೂತಿಯದು ಒಂದು, ಬರೀ ಅಟ್ಟೆಗೆ ಪಟ್ಟಿ ಹೊಡೆದದ್ದು ಇನ್ನೊಂದು, ಹಿಂದಿನ ರೋಮನ್ನರು ಮೆಟ್ಟುತ್ತಿದ್ದಂಥದ್ದು. ಹಾಗಾಗಿ ನಮ್ಮ ಶಾಸ್ತ್ರದ ಮೊದಲ ವರ್ಗೀಕರಣಕಾರ ಅವನೇ. ಹೊಸಪೇಟೆ ಪೇಟೆಯಲ್ಲಿ ಇವತ್ತು ಹೆಚ್ಚು ಖರ್ಚಾಗುವುದು ಆ ಎರಡನೆಯ ಬಗೆ.

ಇನ್ನು ನಮ್ಮ ವರ್ಗೀಕರಣ. ನೆಲಗಳು ನಾಲ್ಕು ವಿಧ: ತ್ಯಾಜ್ಯ, ಅತ್ಯಾಜ್ಯ, ಸಂದಿಗ್ಧ, ನಷ್ಟ. ನಾಲ್ಕನೆಯದು ನೆಲವೇ ಅಲ್ಲ ಎಂದು ತಾರ್ಕಿಕರು ತಕರಾರು ತೆಗೆಯುತ್ತಾರೆ. ಅವರ ಚಪ್ಪಲಿ ಇನ್ನೂ ಕಳೆದಿಲ್ಲ.

ತ್ಯಾಜ್ಯ ಎಂದರೆ ಬಿಟ್ಟೇ ಹೋಗಬೇಕಾದ ಕಡೆ. ವಿರೂಪಾಕ್ಷನ ಗುಡಿ ನಿರ್ವಿವಾದ. ಗಾದಿ ಹಾಸಿದ ಬಟ್ಟೆ ಅಂಗಡಿ, ಕಂಪ್ಯೂಟರ್ ಸೆಂಟರ್ (ದೇವರಿಲ್ಲ, ಧೂಳಿಗೆ ಹೆದರುವ ಯಂತ್ರವಿದೆ), ಕಂಪ್ಲಿ ಕಡೆ ಭತ್ತದ ರಾಶಿ ಹಾಕಿದ ಕಣ, ಇವೂ ಸೇರುತ್ತವೆ. ಮನೆಯ ಹೊಸ್ತಿಲಲ್ಲಿ ಒಂದು ತೊಡಕಿದೆ. ನೀವು ಬಗ್ಗಿ ಶೂ ದಾರಕ್ಕೆ ಕೈ ಹಾಕುತ್ತಲೇ ಮನೆಯಾಕೆ, “ಅಯ್ಯ, ಇರ್ಲಿ ಬಿಡ್ರಿ, ಹಂಗ ಬರ್ರಿ” ಎನ್ನುತ್ತಾಳೆ. ಇದು ವಿಧಿಯಲ್ಲ, ಅರ್ಥವಾದ, ಎಂದರೆ ಬರೀ ಉಪಚಾರದ ಮಾತು. ನಂಬಿ ಹಂಗೇ ಹೋದವರನ್ನು ಕೂರಿಸಿ ಚಹಾ ಕೊಡುತ್ತಾರೆ. ಅವರು ಎದ್ದು ಹೋದ ಮೇಲೆ ನೆಲ ಒರೆಸುತ್ತ ಅವರ ಕುಲಗೋತ್ರ ವಿಚಾರಿಸುತ್ತಾರೆ.

ಸಂದಿಗ್ಧವೇ ಈ ಶಾಸ್ತ್ರದ ಹೃದಯ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪುರಾತತ್ವ ಇಲಾಖೆಯ ಲೆಕ್ಕದಲ್ಲಿ ಇಲ್ಲಿರುವುದು ಸ್ಮಾರಕಗಳು. ಊರವರ ಲೆಕ್ಕದಲ್ಲಿ ದೇವರು, ಮುಕ್ಕಾದರೂ ದೇವರು. ವಿಜಯವಿಠ್ಠಲನ ಗುಡಿಯಲ್ಲಿ ಮೂರ್ತಿಯಿಲ್ಲ, ಪೂಜೆಯಿಲ್ಲ. ಬ್ಯಾಟರಿ ಗಾಡಿಯಿಂದ ಇಳಿದ ಪ್ರವಾಸಿ ಶೂ ಮೆಟ್ಟಿಯೇ ಕಲ್ಲಿನ ರಥದ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾನೆ, ಯಾರೂ ತಡೆಯುವುದಿಲ್ಲ. ಹಳ್ಳಿಯಿಂದ ಬಂದ ಅಜ್ಜಿ ಮಾತ್ರ ಮಂಟಪದ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, ಖಾಲಿ ಗರ್ಭಗುಡಿಗೆ ಕೈಮುಗಿದು ಬರುತ್ತಾಳೆ. ಇಬ್ಬರಲ್ಲಿ ಯಾರು ಸರಿ? ಕಾನೂನಿನಂತೆ ಇಬ್ಬರೂ. ನನ್ನ ಮತ ಅಜ್ಜಿಯ ಕಡೆಗೆ. ದೇವರು ಮನೆ ಬಿಟ್ಟು ಹೋದನೆಂದು ಅವಳಿಗೆ ಯಾರೂ ನೋಟಿಸ್ ಕೊಟ್ಟಿಲ್ಲ.

ಇದಕ್ಕಿಂತ ಕಠಿಣವಾದ ಉದಾಹರಣೆ ಕೃಷ್ಣನ ಗುಡಿಯ ದಕ್ಷಿಣಕ್ಕಿದೆ. 1528ರಲ್ಲಿ ಒಂದೇ ಬಂಡೆಯಲ್ಲಿ ಕಡೆದ ಉಗ್ರನರಸಿಂಹ. ಪಕ್ಕದಲ್ಲೇ ಸದಾ ನೀರಲ್ಲಿ ನಿಂತ ಬಡವಿಲಿಂಗ. ನರಸಿಂಹ ಭಗ್ನ, ಪೂಜೆಯಿಲ್ಲ, ಜನ ಮೆಟ್ಟಿಕೊಂಡೇ ನೋಡುತ್ತಾರೆ. ಅಲ್ಲಿಂದ ನಾಲ್ಕು ಹೆಜ್ಜೆ ಸರಿದು ಲಿಂಗದ ಬಾಗಿಲಿಗೆ ಬಂದರೆ ಅದೇ ಜನ ಚಪ್ಪಲಿ ಕಳಚುತ್ತಾರೆ. ಇಲ್ಲಿ ಸಿದ್ಧಾಂತ ಹೀಗೆ: ಕಲ್ಲಿನ ಮೇಲೆ ಎಣ್ಣೆಯ ಜಿಡ್ಡು, ಕುಂಕುಮ, ನಿನ್ನೆಯ ಹೂ, ಇವುಗಳಲ್ಲಿ ಒಂದು ಕಂಡರೂ ಆ ನೆಲ ತ್ಯಾಜ್ಯ. ನಿನ್ನೆ ಸ್ಮಾರಕವಾಗಿದ್ದ ಕಲ್ಲು ಇವತ್ತು ಬೆಳಗಾಗುವಷ್ಟರಲ್ಲಿ ದೇವರಾಗಿರಬಹುದು, ಆದ್ದರಿಂದ ಹೋದ ವರ್ಷದ ಅನುಭವ ಪ್ರಮಾಣವಲ್ಲ.

ಅತ್ಯಾಜ್ಯ, ಅಂದರೆ ಬಿಚ್ಚಲೇಬಾರದ ನೆಲ, ಸಂಡೂರಿನದು. ಗಣಿಯೊಳಗೆ ಕಾಲಿಡುವವನಿಗೆ ಬೂಟು ಕಡ್ಡಾಯ, ಇದು ಗಣಿ ಸುರಕ್ಷತೆಯ ನಿಯಮ. ಇಲ್ಲಿ ಒಂದು ಚೋದ್ಯವಿದೆ. ಈ ಬೆಟ್ಟಸಾಲಿನಲ್ಲಿ ಕುಮಾರಸ್ವಾಮಿಯ ಪುರಾತನ ದೇವಸ್ಥಾನವೂ ಇದೆ, ಸರ್ಕಾರಿ ಗಣಿ ಸಂಸ್ಥೆ ಎನ್‌ಎಂಡಿಸಿಯ ಕುಮಾರಸ್ವಾಮಿ ಗಣಿಯೂ ಇದೆ. ಒಬ್ಬನೇ ಸ್ವಾಮಿ, ಒಂದು ಕಡೆ ಬೂಟಿಲ್ಲದೆ ಬಾ ಎನ್ನುತ್ತಾನೆ, ಇನ್ನೊಂದು ಕಡೆ ಬೂಟಿಲ್ಲದೆ ಬರಬೇಡ ಎನ್ನುತ್ತಾನೆ. ಇದೇ ಸೀಮೆಯ ದೋಣಿಮಲೆಯ ಕಬ್ಬಿಣದ ಅದಿರು ಚೆನ್ನೈ ಬಂದರು ಹಾದು ಜಪಾನಿಗೆ ಹೋಗಿದೆ. ಗೆಂಕಾನ್ ದಾಟುವಾಗ ಅದಕ್ಕೆ ಯಾರೂ ಶೂ ಬಿಚ್ಚೆನ್ನಲಿಲ್ಲ. 2010ರಲ್ಲಿ ಜಪಾನಿನ ಜೆಎಫ್‌ಇ ಸ್ಟೀಲ್ ಸಂಸ್ಥೆ, ತೋರಣಗಲ್ಲಿನಲ್ಲಿ ಕಾರ್ಖಾನೆಯಿರುವ ಜೆಎಸ್‌ಡಬ್ಲ್ಯೂದಲ್ಲಿ ಪಾಲು ಕೊಂಡಿತು. ಆ ದೇಶದಿಂದ ಬರುವವರಿಗೆ ನಮ್ಮ ಶಾಸ್ತ್ರ ಕಲಿಸುವುದು ಸುಲಭ. ಬಿಚ್ಚುವುದು ಅವರಿಗೆ ರೂಢಿಯಿದೆ. ಬೆಂಗಳೂರಿನವರಿಗೇ ಕಷ್ಟ.

ಉಳಿದದ್ದು ನಷ್ಟ. ಜಾತ್ರೆಯ ಗುಂಪಿನಲ್ಲಿ ಹೋದ ಚಪ್ಪಲಿ ಮೂರು ಬಗೆ. ಎರಡೂ ಹೋದರೆ ಪೂರ್ಣನಷ್ಟ. ಶನಿಕಾಟ ಕಳೆಯಿತೆಂದು ಹಿರಿಯರು ಸಮಾಧಾನ ಹೇಳುತ್ತಾರೆ. ನಿಮ್ಮದು ಹೋಗಿ ಇನ್ನೊಬ್ಬರ ಹಳೆಯದು ಉಳಿದರೆ ವಿನಿಮಯ. ಆಗ ಶನಿ ಯಾರದು ಯಾರಿಗೆ ಬಂತೆಂಬುದನ್ನು ಜ್ಯೋತಿಷಿಗಳು ಹೇಳಬೇಕು. ಒಂದೇ ಹೋಗುವುದು ನಾಯಿಯ ಕೆಲಸ, ಅದಕ್ಕೆ ಶಾಸ್ತ್ರ ಬೇಡ.

ಏಪ್ರಿಲ್, ಮೇ ತಿಂಗಳಲ್ಲಿ ಬರುವವರು ವಿರೂಪಾಕ್ಷನ ದರ್ಶನ ಬೆಳಿಗ್ಗೆಯೇ ಮುಗಿಸಿಕೊಳ್ಳಿ, ಮಧ್ಯಾಹ್ನ ಅಂಗಳದ ಕಲ್ಲು ಕಾದ ಹೆಂಚಾಗಿರುತ್ತದೆ. ದಾರವಿಲ್ಲದ ಜೋಡು ಮೆಟ್ಟಿ ಬನ್ನಿ. ಚಪ್ಪಲಿ ಕಾಯುವವರಿಗೆ ಕೊಡಲು ಜೇಬಿನಲ್ಲಿ ಚಿಲ್ಲರೆ ಇರಲಿ.