ಹತ್ತಡಿಯ ಗರಡಿಮನೆ

ವಾರಕ್ಕೆ ಎರಡು ದಿನವಾದರೂ ಮಾಂಸಖಂಡಗಳಿಗೆ ಕಸರತ್ತು ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಲ್ಲಿ ಕೊಡಬೇಕು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಜಿನೀವಾದಲ್ಲಿ ಕೂತವರಿಗೆ ಬೆಂಗಳೂರಿನ ಟೂ ಬಿಎಚ್‌ಕೆ ಗೊತ್ತಿರಲಿಕ್ಕಿಲ್ಲ. ನಮ್ಮ ಎರಡನೇ ರೂಮು ಹತ್ತಡಿಗೆ ಹತ್ತಡಿ. ಅದರಲ್ಲಿ ಆಗಲೇ ಮಂಚ, ಹೊಲಿಗೆ ಮಷೀನು, ಅಕ್ಕಿ ಮೂಟೆ, ಜತೆಗೆ "ಬೇಕಾಗುತ್ತೆ, ಇರ್ಲಿ" ಅಂತ ಎತ್ತಿಟ್ಟ ಟೀವಿಯ ಖಾಲಿ ಡಬ್ಬ ಸಂಸಾರ ಹೂಡಿವೆ. ನಗಬೇಡಿ, ನಿಮ್ಮನೆಯಲ್ಲೂ ಆ ಡಬ್ಬ ಇದೆ.

ನನ್ನ ಆಸೆಗೆಲ್ಲ ಕಾರಣ ಕೆ.ವಿ. ಅಯ್ಯರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಕಡೆದಂಥ ಮೈ ಬೆಳೆಸಿ, ಅದರ ಜತೆಗೇ 'ಶಾಂತಲಾ' ಕಾದಂಬರಿಯನ್ನೂ ಬರೆದ ಪುಣ್ಯಾತ್ಮರು. ನಾನೂ ಆಗೀಗ ಬರೆಯುವವನೇ. ಅಂದಮೇಲೆ ಅರ್ಧ ಅಯ್ಯರ್ ಆಗಲೇ ಆಗಿದ್ದೇನೆ, ಬಾಕಿ ಇರುವುದು ಮೈಯೊಂದೇ ಅಂತ ಲೆಕ್ಕ ಹಾಕಿದೆ.

ಮೊದಲು ಕಣ್ಣು ಬಿದ್ದದ್ದು ಬಾರ್ಬೆಲ್ ಮೇಲೆ. ಅಸಲಿ ಒಲಿಂಪಿಕ್ ರಾಡು ಏಳಡಿಗೂ ಉದ್ದ, ಬರೀ ರಾಡೇ 20 ಕಿಲೋ. "ತನ್ನಿ, ಅದು ರೂಮಲ್ಲಿ ಮಲಗ್ಲಿ, ನೀವು ಪ್ಯಾಸೇಜಲ್ಲಿ ಮಲಗಿ," ಅಂದಳು ಹೆಂಡತಿ.

ಡಂಬೆಲ್‌ಗೆ ಇಳಿದೆ. ಅಂಗಡಿಯವನು ಪ್ಲಾಸ್ಟಿಕ್ಕಿನೊಳಗೆ ಸಿಮೆಂಟು ತುಂಬಿದ್ದನ್ನು ತೋರಿಸಿದ. ಅಗ್ಗ, ನಿಜ. ಆದರೆ ಕಬ್ಬಿಣ ಸಿಮೆಂಟಿಗಿಂತ ಹೆಚ್ಚುಕಮ್ಮಿ ಮೂರು ಪಟ್ಟು ಭಾರ, ಹಾಗಾಗಿ ಅಷ್ಟೇ ಕಿಲೋಗೆ ಸಿಮೆಂಟಿನದು ಹಲಸಿನಹಣ್ಣಿನಷ್ಟು ದಪ್ಪ. ಸೆಕೆಂಡ್‌ಹ್ಯಾಂಡ್ ಕಬ್ಬಿಣದ ಪ್ಲೇಟು ಹುಡುಕಿದೆ. ಮಾರುವವನು "ಒಲಿಂಪಿಕ್ ಪ್ಲೇಟು ಸಾರ್" ಅಂದಾಗ ನನ್ನೆದೆ ಅಲ್ಲೇ ಉಬ್ಬಿತು. ಮನೆಗೆ ತಂದು ಪೋಣಿಸಿದರೆ ತೂತು 50 ಮಿಲಿಮೀಟರು, ನನ್ನ ರಾಡು 25. ಕೈ ಎತ್ತಿದಾಗಲೆಲ್ಲ ಠಣ್, ಠಣ್. ಎದುರುಮನೆ ಅಜ್ಜಿ ಮಂಗಳಾರತಿ ಅಂದುಕೊಂಡು ಬಾಗಿಲಿಗೆ ಬಂದು ಕೈಮುಗಿದರು. ಅಲ್ಲಿದ್ದವನು ಬನಿಯನ್ನಿನಲ್ಲಿ ನಾನು.

ಆಮೇಲೆ ಬಾಗಿಲಿಗೆ ಸಿಕ್ಕಿಸುವ ಪುಲ್-ಅಪ್ ಬಾರ್. ಜಾಗವೇ ಬೇಡ ಅಂತ ಹಿಗ್ಗಿದ್ದೆ. ಅದು ಅಮೆರಿಕದ ಬಾಗಿಲಿಗೆ ಹೇಳಿಮಾಡಿಸಿದ್ದು. ಅಲ್ಲಿ ಚೌಕಟ್ಟಿನ ಸುತ್ತ ಗೋಡೆಯಿಂದ ಮುಂದೆ ಬಂದ ಮರದ ಪಟ್ಟಿ ಇರುತ್ತದೆ, ಬಾರಿನ ಕೊಂಡಿ ಅದರ ನೆತ್ತಿಯ ಮೇಲೆ ಕೂರುತ್ತದೆ. ನಮ್ಮ ಮನೆಯಲ್ಲಿ ಚೌಕಟ್ಟೂ ಗೋಡೆಯೂ ಗಾರೆಯಲ್ಲಿ ಒಂದೇ ಸಮ. ಹೇಗೋ ಕಾಲಿಂಚು ಅಂಚು ಸಿಕ್ಕಿತು. ಕೊಂಡಿಗೆ ಅದು ಸಾಕಾಯಿತು, ನನ್ನ 82 ಕಿಲೋಗೆ ಸಾಕಾಗಲಿಲ್ಲ. ಕೆಳಗಿನ ಮನೆಯವರು ಓಡಿಬಂದು, "ಸಾರ್, ಬೀರು ಬಿತ್ತಾ?" ಅಂದರು. "ಹೌದು," ಅಂದೆ. ಮರ್ಯಾದೆ ಪ್ರಶ್ನೆ ನೋಡಿ.

ಕೆಟಲ್‌ಬೆಲ್ ಪುಟ್ಟದು, ಮಂಚದಡಿ ತೂರುತ್ತದೆ. ಹಿಂದೆ ರಷ್ಯಾದಲ್ಲಿ ತೂಕದ ಕಲ್ಲಾಗಿದ್ದದ್ದು. ಅಲ್ಲಿನ ಒಂದು 'ಪೂಡ್' ಅಂದರೆ 16 ಕಿಲೋ ಚಿಲ್ಲರೆ, ಅದಕ್ಕೇ ಇವತ್ತಿಗೂ 16, 24, 32 ಅಂತ ಬರುತ್ತದೆ. ಇದನ್ನೆಲ್ಲ 16ರದನ್ನು ಎರಡೂ ಕೈಯಲ್ಲಿ ಹಿಡಿದು, ಏದುಸಿರು ಬಿಡುತ್ತ ಹೆಂಡತಿಗೆ ವಿವರಿಸಿ, ಕೆಳಗಿಟ್ಟು ಬೆವರು ಒರೆಸಿಕೊಂಡೆ. ಅವಳು ಕಸ ಗುಡಿಸುತ್ತಿದ್ದಳು. ಪೊರಕೆ ಬಲಗೈಯಲ್ಲೇ ಇತ್ತು. ಎಡಗೈಯಲ್ಲಿ ರಷ್ಯಾವನ್ನೆತ್ತಿ ಮಂಚದ ಮೇಲಿಟ್ಟು, ಅಡಿಯ ಧೂಳು ಗುಡಿಸಿ, ಮತ್ತೆ ಇಳಿಸಿದಳು. ಮೂವತ್ತು ಕಿಲೋ ತೂಗುವ ತುಂಬಿದ ಸಿಲಿಂಡರನ್ನು ಬಾಗಿಲಿಂದ ಅಡುಗೆಮನೆವರೆಗೆ ಓಲಾಡಿಸಿಕೊಂಡು ಒಯ್ಯುವ ಕೈ ಅದು.

ಉಳಿದದ್ದು ಡ್ರಾಯರಿನಲ್ಲಿ ಮಡಚಿಡುವ ರಬ್ಬರ್ ಬ್ಯಾಂಡು. ಎಳೆದಷ್ಟೂ ಬಿಗಿಯಾಗುವುದು ಅದರ ಗುಣ, ಬಣ್ಣಕ್ಕೊಂದು ಬಿಗಿ. ಹಳದಿಯದು ನೋಡೋಕೆ ಲಕ್ಷಣವಾಗಿತ್ತು, ತಂದೆ. ಕನ್ನಡಿ ಮುಂದೆ ಹಲ್ಲುಕಚ್ಚಿ ಎಳೆಯುತ್ತಿದ್ದಾಗ ಅಮ್ಮ ಬಂದು ನಿಂತಳು. ಅವಳಿಗೆ ಭುಜದ ನೋವಿಗೆ ಫಿಸಿಯೋಥೆರಪಿ ನಡೆಯುತ್ತಿದೆ.

"ನಂಗೂ ಮೊದ್ಲು ಹಳದೀನೇ ಕೊಟ್ಟಿದ್ರು ಕಣೋ. ಆಮೇಲೆ ಕೆಂಪು. ಈಗ ಹಸಿರು," ಅಂದಳು. "ಹಳೇದು ಬೀರುವಿನಲ್ಲಿ ಸುಮ್ನೆ ಬಿದ್ದಿತ್ತಲ್ಲೋ, ಕೇಳಿದ್ರೆ ಕೊಡ್ತಿದ್ದೆ. ದುಡ್ಡು ಯಾಕೆ ಹಾಕಿದೆ?"