ಗುಜರಿ ಪುರಾತತ್ತ್ವಜ್ಞ

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಹೇರಳವಾಗಿ ಕಾಣಸಿಗುವ, ಆದರೆ ಯಾವ ಗೆಜೆಟಿಯರಿನಲ್ಲೂ ನಮೂದಾಗದೆ ಉಳಿದ ಮಾನವವರ್ಗವೊಂದನ್ನು ‘ಗುಜರಿ ಪುರಾತತ್ತ್ವಜ್ಞ’ ಎಂದು ಕರೆಯಬಹುದು. ಹಳೆಯ ಕಬ್ಬಿಣ, ಹಿತ್ತಾಳೆ, ತಾಮ್ರಗಳನ್ನು ತೂಕಕ್ಕೆ ಕೊಂಡು ತೂಕಕ್ಕೇ ಮಾರುವ ಗುಜರಿ ಅಂಗಡಿಯ ರಾಶಿಯೊಳಗೆ ಅರಮನೆಯ ಬೆಳ್ಳಿ ಬಟ್ಟಲೊಂದು ತನಗಾಗಿಯೇ ಕಾದು ಕುಳಿತಿದೆ ಎಂಬ ಅಚಲ ನಂಬಿಕೆಯೇ ಈತನ ಪ್ರಧಾನ ಲಕ್ಷಣ. ಸಾಮಾನ್ಯವಾಗಿ ಈತ ನಿವೃತ್ತ ನೌಕರ, ಇಲ್ಲವೇ ನಿವೃತ್ತಿಯವರೆಗೆ ಕಾಯಲಾರದ ನೌಕರ. ಜೇಬಿನಲ್ಲಿ ಭೂತಗನ್ನಡಿ, ಸ್ಕೂಟರಿನ ಡಿಕ್ಕಿಯಲ್ಲಿ ಗೋಣಿಚೀಲ ಮತ್ತು ಅಯಸ್ಕಾಂತ ಈತನ ಸಂಶೋಧನಾ ಪರಿಕರಗಳು.

ಈತನ ಸಿದ್ಧಾಂತಗಳು ತಾಲ್ಲೂಕಿನ ಗಡಿ ದಾಟಿದ ಕೂಡಲೇ ಬದಲಾಗುತ್ತವೆ. ಟಿಪ್ಪುವಿನ ಸೈನ್ಯ ರಾಕೆಟ್ಟುಗಳಿಗೆ ಕಬ್ಬಿಣದ ಕೊಳವೆ ಬಳಸುತ್ತಿದ್ದುದು ಚರಿತ್ರೆಯಾದ್ದರಿಂದ, ಶ್ರೀರಂಗಪಟ್ಟಣದಲ್ಲಿ ಸಿಕ್ಕ ಪಂಪ್‌ಸೆಟ್ಟಿನ ಪೈಪಿನ ತುಂಡು 1799ರ ಮೇ 4ರಂದು ಕೋಟೆ ಬಿದ್ದಾಗ ಹಾರದೆ ಉಳಿದ ರಾಕೆಟ್ಟು. ಫ್ರೆಂಚ್ ಪಡೆಗಳು ಬೀಡುಬಿಟ್ಟಿದ್ದ ಕಾರಣ ಹಿಂದೆ ‘ಫ್ರೆಂಚ್ ರಾಕ್ಸ್’ ಎನಿಸಿಕೊಂಡಿದ್ದ ಪಾಂಡವಪುರದಲ್ಲಿ ಸಿಕ್ಕ ಸೊಟ್ಟ ಚಮಚ ಫ್ರೆಂಚ್ ಸೇನಾಧಿಕಾರಿಯ ಎಂಜಲಿನದು. ಲೋಹದ ಎರಕದ ಕಸುಬಿಗೆ ಹೆಸರಾದ ನಾಗಮಂಗಲದಲ್ಲಿ ಎತ್ತಿನ ಕೊರಳ ಗಂಟೆಯೂ ಅಗ್ರಹಾರದ ಘಂಟಾಮಣಿ. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯವಿರುವ ಕೆ.ಆರ್. ಪೇಟೆ ಸೀಮೆಯಲ್ಲಂತೂ ಚಟ್ನಿ ಅರೆಯುವ ಕಲ್ಲನ್ನೂ ಹೊಯ್ಸಳ ಶಿಲ್ಪಿಯೇ ಕಡೆದಿರಬೇಕು.

ವ್ಯಾಪಾರದಲ್ಲಿ ಈತ ತನ್ನನ್ನು ಮಹಾ ಚತುರನೆಂದು ಭಾವಿಸುತ್ತಾನೆ. ಬೇಕಾದ ವಸ್ತುವಿನತ್ತ ಕಣ್ಣೆತ್ತಿಯೂ ನೋಡದೆ, ಬೇಡವಾದ ಸೈಕಲ್ ರಿಮ್ಮಿನ ಬೆಲೆಯನ್ನು ಅರ್ಧ ಗಂಟೆ ವಿಚಾರಿಸಿ, ಹೊರಡುವಾಗ ಮಾತ್ರ ‘ಇದೇನಪ್ಪಾ, ಈ ಮಸಿ ಬಟ್ಟಲು ಮಕ್ಕಳ ಆಟಕ್ಕಾದೀತೇನೋ’ ಎನ್ನುತ್ತಾನೆ. ‘ನಿಮ್ಮಂಥೋರಿಗೇ ಅಂತ ಎತ್ತಿಟ್ಟಿದ್ದೆ ಸ್ವಾಮಿ, ಬ್ಯಾರೆಯೋರ್ಗೆ ತೋರ್ಸೇ ಇಲ್ಲ’ ಎಂದು ಅಂಗಡಿಯವನು ಹೇಳಿದ ಕ್ಷಣವೇ ಬಟ್ಟಲು ತಕ್ಕಡಿಯಿಂದ ಇತಿಹಾಸಕ್ಕೆ ಬಡ್ತಿ ಪಡೆಯುತ್ತದೆ, ಬೆಲೆಯೂ ಅದರ ಹಿಂದೆಯೇ ಹೋಗುತ್ತದೆ.

ಬೆಳ್ಳಿಯ ವಿಷಯದಲ್ಲಿ ಈತನ ಪಾಂಡಿತ್ಯ ಶಿಖರ ಮುಟ್ಟುತ್ತದೆ. ತಾಮ್ರ, ಸತು, ನಿಕಲ್‌ಗಳ ಬೆರಕೆಯಾದ ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯ ಅಂಶವೇ ಇಲ್ಲವೆಂದರೆ, ಜರ್ಮನರು ಅಷ್ಟು ಸುಳ್ಳು ಹೇಳುವವರಲ್ಲ ಎಂಬುದು ಈತನ ಉತ್ತರ. ತಟ್ಟೆಯ ತಳದಲ್ಲಿರುವ ‘ಇ.ಪಿ.ಎನ್.ಎಸ್.’ ಎಂಬ ಮುದ್ರೆ ಅಂಥದೇ ನಿಕಲ್ ಬೆರಕೆಯ ಮೇಲೆ ವಿದ್ಯುತ್ತಿನ ಸಹಾಯದಿಂದ ಕೂರಿಸಿದ ತೆಳು ಬೆಳ್ಳಿಲೇಪವನ್ನು ಸೂಚಿಸುತ್ತದೆ. ಈತನ ಸಂಶೋಧನೆಯ ಪ್ರಕಾರ ಅದು ಮೈಸೂರಿನ ಯಾವುದೋ ದಿವಾನರ ಇನಿಷಿಯಲ್. ವಿಕ್ಟೋರಿಯಾ ಕಾಲದ ರೂಪಾಯಿಯ 11.66 ಗ್ರಾಂ ತೂಕದಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿತ್ತು, 1940ರ ನಂತರ ಅದು ಅರ್ಧಕ್ಕಿಳಿಯಿತು, 1947ರ ರೂಪಾಯಿ ಪೂರ್ತಿ ನಿಕಲ್ಲಿನದಾಯಿತು. ಆದರೆ ಆ ನಿಕಲ್ ರೂಪಾಯಿಯ ಹಿಂಬದಿಯಲ್ಲಿ ಹುಲಿಯ ಚಿತ್ರವಿರುವುದರಿಂದ ಈತ ಅದನ್ನು ಟಿಪ್ಪುವಿನ ಬೆಳ್ಳಿಯೆಂದೇ ಕೊಳ್ಳುತ್ತಾನೆ. ಬೆಳ್ಳಿ ಅಯಸ್ಕಾಂತಕ್ಕೆ ಅಂಟದು, ನಿಕಲ್ ಅಂಟುತ್ತದೆ ಎಂದು ಯಾರಾದರೂ ಅಂಟಿಸಿ ತೋರಿಸಿದರೆ ಅಯಸ್ಕಾಂತವನ್ನು ಬದಲಾಯಿಸುತ್ತಾನೆ.

ಟಿಪ್ಪುವಿನ ತಾಮ್ರದ ನಾಣ್ಯಗಳ ಮೇಲೆ ಆನೆಯಿರುವುದು ನಿಜ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳ ಮೇಲೂ ಆನೆಯಿದೆ. ಒಡೆಯರ ಆನೆಯ ಮೇಲುಗಡೆ ಕನ್ನಡದಲ್ಲಿ ‘ಶ್ರೀ’ ಎಂದು ಸ್ಪಷ್ಟವಾಗಿ ಕೆತ್ತಿರುವುದನ್ನು ಭೂತಗನ್ನಡಿಯಲ್ಲಿ ನೋಡಿಯೂ ಈತ ಪಾರಸಿಯೆಂದು ಓದುತ್ತಾನೆ. ಟಿಪ್ಪು ಜಾರಿಗೆ ತಂದ ಮೌಲೂದಿ ಎಂಬ ವರ್ಷಗಣನೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬ ಸಂಗತಿ ಕಿವಿಗೆ ಬಿದ್ದಂದಿನಿಂದ ಈತನಿಗೆ ಕಾಲನಿರ್ಣಯ ತೀರ ಸುಲಭವಾಗಿದ್ದು, ಹಿತ್ತಾಳೆ ಬೀಗದ ಮೇಲೆ ಕಾರ್ಖಾನೆ ಒತ್ತಿದ 9871 ಎಂಬ ಕ್ರಮಸಂಖ್ಯೆಯನ್ನು ತಿರುಗಿಸಿ 1789ರ ಸೆರೆಮನೆಯೊಂದರ ಬಾಗಿಲು ಹುಡುಕುತ್ತಿದ್ದಾನೆ.

ಈ ಸಂಗ್ರಹಕ್ಕೆ ಜಾಗ ಮಾಡುವ ಸಲುವಾಗಿ ಅಟ್ಟದ ಮೇಲಿದ್ದ ಅಜ್ಜಿಯ ಕಂಚಿನ ಗಂಗಾಳ ಮತ್ತು ತಾಮ್ರದ ಹಂಡೆಗಳನ್ನು ಈತ ಅದೇ ಗುಜರಿಯವನಿಗೆ ತೂಕಕ್ಕೆ ಹಾಕಿದ್ದಾನೆ. ತಂದ ವಸ್ತುಗಳಲ್ಲಿ ಅಕಸ್ಮಾತ್ ಹಳೆಯದೇನಾದರೂ ಇದ್ದರೆ, ಲೋಹದ ಮೇಲೆ ಕಾಲಾಂತರದಲ್ಲಿ ಕಟ್ಟಿಕೊಂಡು ಸಂಗ್ರಾಹಕರ ಕಣ್ಣಿಗೆ ಬೆಲೆಯುಳ್ಳದ್ದಾದ ಆ ಮಾಸಲು ಪೊರೆಯನ್ನು ಮನೆಯಾಕೆ ಹುಣಸೆಹಣ್ಣು ಹಾಕಿ ತಿಕ್ಕಿ, ನೆನ್ನೆ ತಂದ ಹೊಸ ಪಾತ್ರೆಯೆಂಬಂತೆ ಬೆಳಗಿಸಿರುತ್ತಾಳೆ.

1972ರ ಪ್ರಾಚೀನ ವಸ್ತುಗಳ ಕಾಯ್ದೆಯ ಪ್ರಕಾರ ಚಾರಿತ್ರಿಕ ಅಥವಾ ಕಲಾತ್ಮಕ ಮಹತ್ತ್ವವಿದ್ದು ನೂರು ವರ್ಷಕ್ಕೆ ಕಡಿಮೆಯಿಲ್ಲದ ವಸ್ತುಗಳು ಪ್ರಾಚೀನ ವಸ್ತುಗಳೆನಿಸುತ್ತವೆ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕಾಗುತ್ತದೆ. ತನ್ನ ಸಂಗ್ರಹವನ್ನು ಮುಂದೊಂದು ದಿನ ಮಾರಿ ಮೈಸೂರಿನಲ್ಲಿ ಸೈಟು ಕೊಳ್ಳುವ ಯೋಜನೆಯಿರುವ ಗುಜರಿ ಪುರಾತತ್ತ್ವಜ್ಞನನ್ನು ಈ ಕಾಯ್ದೆ ಆಗಾಗ ನಿದ್ದೆಗೆಡಿಸುವುದುಂಟು. ಆತ ನಿಶ್ಚಿಂತೆಯಿಂದ ಮಲಗಬಹುದು. ಕಾಯ್ದೆಗೆ ಸಿಕ್ಕಿಬೀಳುವಷ್ಟು ಹಳೆಯದಾದ ಒಂದು ವಸ್ತುವೂ ಈಗ ಆತನ ಮನೆಯಲ್ಲಿಲ್ಲ.